ಗೌಡರ ಹಂಚಿನ ಮುಂದೆ

ಕಾಲೇಜಿಗೆ ಹೊರಡುವ ಮುಂಚೆ ಹುಡುಗರು ಕೋಟು ಹೊಲಿಸುತ್ತಾರೆ, ಟ್ರಂಕು ಕೊಳ್ಳುತ್ತಾರೆ. ಹತ್ತಿಮತ್ತೂರಿನ ಉಳಿವೆಪ್ಪ ರೊಟ್ಟಿ ಬಡಿಯುವುದನ್ನು ಕಲಿಯುತ್ತಿದ್ದ.

ಅದು ೧೯೩೯ರ ಬೇಸಿಗೆ. ಊರಿನ ಇಬ್ಬರು ಹುಡುಗರು ಮ್ಯಾಟ್ರಿಕ್ ಪಾಸಾಗಿದ್ದರು. ಉಳಿವೆಪ್ಪ ತರಗತಿಗೇ ಮೊದಲಿಗ. ಬಸವಣ್ಣೆಪ್ಪಗೌಡರ ಮಗ ಪರಮೇಶಪ್ಪ ಹೇಗೋ ದಾಟಿಬಂದವ. ಧಾರವಾಡದ ಕಾಲೇಜಿನವರು ಅವನ ಮಾರ್ಕು ನೋಡಿ ತಲೆ ಅಲ್ಲಾಡಿಸಿದ್ದರಿಂದ, ರೈಲಿನ ದಾರಿಯಲ್ಲಿ ಹೊಸದಾಗಿ ತೆರೆದಿದ್ದ ಒಂದು ಸಣ್ಣ ಕಾಲೇಜು ಗೌಡರ ಕಣ್ಣಿಗೆ ಬಿತ್ತು. ಉಳಿವೆಪ್ಪನ ತಾಯಿ ಫಕ್ಕೀರವ್ವ ಗಂಡ ಸತ್ತಂದಿನಿಂದ ಗೌಡರ ಮನೆಯ ಕಾಳುಕಡಿ ಹಸನು ಮಾಡಿ ಮಗನನ್ನು ಸಾಕಿದವಳು. ಗೌಡರು ಅವಳನ್ನು ಕರೆಸಿದರು.

"ಇಬ್ರೂ ಒಂದ ಖೋಲ್ಯಾಗ ಇರ್ಲಿ. ನಿನ್ನ ಮಗನ ಫೀಜು ನಾ ಕಟ್ಟತೇನಿ. ಅಂವ ನಮ್ಮ ಹುಡುಗಗ ಅಡಿಗಿ ಮಾಡಿ ಹಾಕಲಿ. ನಮ್ಮ ಪೈಕಿಯಾಂವ, ಉಣ್ಣಾಕ ಅಡ್ಡಿಯಿಲ್ಲ."

ಮರುದಿನದಿಂದಲೇ ಉಳಿವೆಪ್ಪ ಗೌಡರ ಅಡುಗೆಮನೆಯಲ್ಲಿ ಒಲೆಯ ಮುಂದೆ ಕುಳಿತ. ಕಲಿಸುವವರು ಗೌಡತಿ ಸುಶೀಲವ್ವ. ಅವರ ಬಾಯಿ ಹಂಚಿಗಿಂತ ಬಿಸಿ.

"ಬೆರಳಿನ ಗುರ್ತು ಮೂಡ್ಯಾವ ನೋಡು. ರೊಟ್ಟಿ ಬಡಿಯಾಕತ್ತೀಯೋ, ಕುಳ್ಳು ತಟ್ಟಾಕತ್ತೀಯೋ?"

ಹಿಟ್ಟು ಸರಿಯಾಗಿ ನಾದದಿದ್ದರೆ ಅಂಚು ಸೀಳುತ್ತಿತ್ತು. ಸೀಳಿದ ರೊಟ್ಟಿಯನ್ನು ಅವರು ಅವನ ಕಣ್ಣೆದುರೇ ಎಮ್ಮೆಯ ಬಾನಿಗೆ ಎಸೆಯುತ್ತಿದ್ದರು. ಪರಮೇಶಪ್ಪ ಬಾಗಿಲಿಗೆ ಒರಗಿ ನಿಂತು ನಗುತ್ತಿದ್ದ.

"ಏನೋ ಉಳಿವೆಪ್ಪಾ, ಕಾಲೇಜಿಗೆ ಕುಬಸ ತೊಟಗೊಂಡು ಬರ್ತೀಯೇನು?"

"ನೀ ಪುಸ್ತಕ ತಗೊಂಡು ಬರ್ತೀಯೇನು?" ಎಂದ ಉಳಿವೆಪ್ಪ.

ಪರಮೇಶಪ್ಪನ ಮುಖ ಕೆಂಪಾಯಿತು. "ಭಾಳ ಹಾರಾಡಬ್ಯಾಡ. ನಾ ಹೋಗಿ ನೋಡಿ ಬಂದೇನಿ. ಅಲ್ಲಿ ಬೋರ್ಡಿಂಗಿನಾಗ ಹಸೀ ರೊಟ್ಟಿ ಹಾಕ್ತಾರ, ನೆಟ್ಟಗ ಬಡಿಯಾಂವ ಒಬ್ಬನೂ ಸಿಗವಲ್ಲಂತ. ಅದಕ್ಕ ಅಪ್ಪ ನಿನ್ನ ಗಂಟ ಕಟ್ಟಿ ಕಳಸಾಕತ್ತಾನ. ನಿನ್ನ ಮಾರ್ಕು ನೋಡಿ ಅಲ್ಲ."

ಮನೆಯಲ್ಲಿ ಸುಟ್ಟ ಬೆರಳಿಗೆ ಎಣ್ಣೆ ಹಚ್ಚುತ್ತ ಫಕ್ಕೀರವ್ವ ಒಂದೇ ಮಾತು ಹೇಳಿದಳು. "ಅಷ್ಟ ಚಂದ ಕಲೀಬ್ಯಾಡಲೇ. ನಡುನಡುವ ಒಂದೆರಡು ಸುಡು. ಚೊಲೊ ಕೆಲಸ ಮಾಡಾವ್ರನ್ನ ಆ ಮನ್ಯಾವ್ರು ಬಿಡೂದಿಲ್ಲ. ನನ್ನ ನೋಡು."

ಉಳಿವೆಪ್ಪ ಕೇಳಲಿಲ್ಲ. ಯಾವುದರಲ್ಲೂ ಎರಡನೆಯವನಾಗಿ ಅವನಿಗೆ ಗೊತ್ತಿರಲಿಲ್ಲ. ಗೌಡತಿಯ ಬಾಯಿ ಮುಚ್ಚಿಸಬೇಕೆಂಬ ಹಟಕ್ಕೆ ಬಿದ್ದು, ಎಸರಿನ ಹದ, ಅಂಗೈಯ ಪೆಟ್ಟು, ಒಲೆಯ ಉರಿ ಎಲ್ಲವನ್ನೂ ಲೆಕ್ಕದ ಪಾಠದಂತೆ ಸಾಧಿಸಿದ. ಮುಂಗಾರಿನ ಮೊದಲ ಮಳೆ ಬೀಳುವ ಹೊತ್ತಿಗೆ ಅವನ ರೊಟ್ಟಿ ಹಂಚಿನ ಮೇಲೆ ಚೆಂಡಿನಂತೆ ಉಬ್ಬುತ್ತಿತ್ತು. ಸುಶೀಲವ್ವನಿಗೆ ಬೈಯಲು ಏನೂ ಉಳಿಯಲಿಲ್ಲ. ಅದಕ್ಕೂ ಅವರಿಗೆ ಸಿಟ್ಟು.

ಹೊರಡುವ ಮುನ್ನಾದಿನ ಗೌಡರೇ ಪರೀಕ್ಷೆಗೆಂದು ಉಣ್ಣಲು ಕುಳಿತರು. ಹಂಚಿನಿಂದ ನೇರ ತಾಟಿಗೆ ಬಿದ್ದ ರೊಟ್ಟಿಯನ್ನು ಬದನೆಕಾಯಿ ಪಲ್ಯದ ಜೊತೆ ಮುರಿದು ತಿಂದರು. ಮತ್ತೊಂದು ಹಾಕಿಸಿಕೊಂಡರು. ತೇಗಿದರು.

"ಶಾಭಾಸ್! ಇಂಥಾ ರೊಟ್ಟಿ ಬಡಿಯಾಂವ ಕಾಲೇಜಿಗೆ ಹೋಗಿ ಏನ್ ಕಿಸೀತಾನ?" ಎಂದು ನಕ್ಕು, ಹೆಂಡತಿಯ ಕಡೆ ತಿರುಗಿದರು. "ಇಬ್ರೂ ಕ್ಲಾಸಿಗೆ ಹೋದ್ರ ಪರಮೇಶಗ ಬಿಸಿ ರೊಟ್ಟಿ ಯಾರು ಹಾಕ್ಬೇಕು? ಈ ವರ್ಷ ಇಂವ ಖೋಲಿ ನೋಡ್ಕೊಳ್ಳಿ. ಕಾಲೇಜಿನಾಗ ಹೆಸರು ಹಚ್ಚೂದು ಮುಂದಿನ ವರ್ಷ ನೋಡೂಣು."

"ನಾನೂ ಅದ ಅನ್ನಾಂವಿದ್ದೆ," ಎಂದ ಪರಮೇಶಪ್ಪ.

ಉಳಿವೆಪ್ಪ ಆಗಷ್ಟೇ ಇನ್ನೊಂದು ರೊಟ್ಟಿಯನ್ನು ಹಂಚಿಗೆ ಹಾಕಿದ್ದ. ಎದ್ದು ನಿಂತು ಕೈಯ ಹಿಟ್ಟು ಒರೆಸಿಕೊಂಡ.

"ನೀವು ಮಾತು ಕೊಟ್ಟಿದ್ರಿ, ಗೌಡ್ರ."

"ಕೊಟ್ಟೇನಿ, ಇಲ್ಲ ಅಂದ್ನೇನು? ಮುಂದಿನ ವರ್ಷ."

"ಏಯ್, ರೊಟ್ಟಿ ಸುಡಾಕತ್ತೈತೋ!" ಸುಶೀಲವ್ವ ಕೂಗಿದರು.

"ನೀವ ತಿರುವಿ ಹಾಕೋರಿ," ಎಂದು ಅವನು ಹಿತ್ತಲ ಬಾಗಿಲಿನಿಂದ ಹೊರಬಿದ್ದ. ಹಿಂದಿನಿಂದ ಗೌಡರ ದನಿ ಬಂತು: "ನಿಮ್ಮವ್ವ ನಾಳಿಂದ ಈ ಹೊಸ್ತಿಲ ತುಳೀಬಾರ್ದು!"

ಫಕ್ಕೀರವ್ವ ಅಳಲಿಲ್ಲ. "ಸುಡು ಅಂದಾಗ ಸುಡಲಿಲ್ಲ, ಈಗ ಮನೀನ ಸುಟ್ಟಿ," ಎಂದು ಬೈಯುತ್ತಲೇ ಬುತ್ತಿ ಕಟ್ಟಿದಳು. "ನಾ ಕಳೆ ತೆಗ್ಯಾಕ ಹೋಗ್ತೇನಿ. ನೀ ತಿರುಗಿ ಬಂದೀ ಅಂದ್ರ ಕಾಲು ಮುರೀತೇನಿ."

ಅವನು ಯಲವಿಗಿ ಸ್ಟೇಷನ್ನಿಗೆ ನಡೆದೇ ಹೋದ. ಮರುದಿನ ಆ ಹೊಸ ಕಾಲೇಜಿನ ಬೋರ್ಡಿಂಗಿನ ಅಡುಗೆಮನೆಯ ಬಾಗಿಲಲ್ಲಿ ನಿಂತಾಗ ಒಳಗೆ ಹೊಗೆ ತುಂಬಿತ್ತು. ಹುಡುಗರು ಹಸಿ ರೊಟ್ಟಿಯನ್ನು ತಾಟಿನಿಂದ ಆಚೆ ಎಸೆದು ಗದ್ದಲ ಮಾಡುತ್ತಿದ್ದರು. ಬೋರ್ಡಿಂಗು ನೋಡಿಕೊಳ್ಳುತ್ತಿದ್ದ ಪ್ರೊಫೆಸರರು ಬೆವರುತ್ತ ಬಂದು ಇವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ರೊಟ್ಟಿ ಬಡೀಲಿಕ್ಕೆ ಬರ್ತದೇನು?"

"ಬರ್ತೈತ್ರಿ."

"ಹಂಗಾರ ಕೂಡು. ಹಿಟ್ಟು ಅಲ್ಲಿ ಅದ. ಬಡಿದು ತೋರಿಸು."

ಉಳಿವೆಪ್ಪ ಕದಲಲಿಲ್ಲ.

"ಮೊದಲು ಕಾಲೇಜಿನಾಗ ನನ್ನ ಹೆಸರು ಹಚ್ಚರಿ," ಎಂದ. "ಆಮ್ಯಾಲ ಹಿಟ್ಟು ಮುಟ್ಟತೇನಿ."