ಬೆಲ್ಟ್ ವಾಚು, ಚೈನ್ ವಾಚು

ವಾಚಿನಂಗಡಿಯವನು ಗಾಜಿನ ಕೆಳಗಿಂದ ಎರಡು ವಾಚು ತೆಗೆದು ನೀಲಿ ಬಟ್ಟೆಯ ಮೇಲಿಟ್ಟ. ಒಂದು ಕಂದು ಚರ್ಮದ ಬೆಲ್ಟಿನದು. ಬಿಳಿ ಮುಖ, ತೆಳ್ಳನೆಯ ಮುಳ್ಳು, ನೋಡಿದರೆ ಕಣ್ಣಿಗೆ ತಂಪು. ಇನ್ನೊಂದು ಸ್ಟೀಲ್ ಚೈನಿನದು. ಅಂಕಿಗಳು ದಪ್ಪ, ಚೈನು ಎಳೆದರೆ ಹಿಗ್ಗಿ ಬಿಟ್ಟರೆ ಕೂಡಿಕೊಳ್ಳುವಂಥದ್ದು. ಬೆಲೆಯಲ್ಲಿ ಅಂಥ ಹೆಚ್ಚುಕಮ್ಮಿ ಇರಲಿಲ್ಲ. ಮನೆಯಲ್ಲೇ ಸ್ಕೂಲ್ ಯೂನಿಫಾರ್ಮ್ ಹೊಲಿಯುವ ಹೆಂಗಸಿನ ಕೈಗೆ ಎರಡೂ ಎಟುಕುವಂಥವೇ.

ಅವಳ ಗಂಡ ಮೂವತ್ತು ವರ್ಷ ಬಸ್ ಓಡಿಸಿದವನು. ಹೋದ ವರ್ಷ ಲಕ್ವ ಹೊಡೆದು ಎಡಗೈ ಬಿದ್ದುಹೋಗಿತ್ತು. ಅಂದಿನಿಂದ ಅವನ ಅಂಗಿಗೆ ಗುಂಡಿ ಹಾಕುವುದು, ಹೊತ್ತುಹೊತ್ತಿಗೆ ಮಾತ್ರೆ ಕೊಡುವುದು ಎಲ್ಲ ಅವಳದೇ.

ಅವನು ಎಡಗೈಯನ್ನು ಬಲಗೈಯಿಂದ ಎತ್ತಿ, ಯಾರದೋ ಸಾಮಾನೆಂಬಂತೆ ಗಾಜಿನ ಮೇಲಿಟ್ಟ. "ಬೆಲ್ಟಿಂದು ಕಟ್ಟು, ನೋಡೋಣ."

ಅವಳು ಕಟ್ಟಿದಳು. ಅವನು ಬಲಗೈಯಿಂದ ಮಣಿಕಟ್ಟು ತಿರುಗಿಸಿ ತಿರುಗಿಸಿ ನೋಡಿ ಮದುವೆ ಗಂಡಿನಂತೆ ಬೀಗಿದ. "ಇದೇ ಇರಲಿ."

"ಚೆನ್ನಾಗೇನೋ ಇದೆ. ಆದ್ರೆ ಚೈನಿಂದು ತಗೊಳ್ಳಿ ರೀ. ಅದನ್ನ ನೀವೇ ಹಾಕ್ಕೋಬಹುದು."

"ಅದು ಕೂದಲು ಕೀಳುತ್ತೆ. ಕಟ್ಟೋಕೆ ನೀನಿದ್ದೀಯಲ್ಲ."

"ಅಷ್ಟು ಪುಣ್ಯ ಯಾರಿಗಿದೆ ಅಮ್ಮಾ! ಬೆಲ್ಟಿಂದೇ ಕೊಡಿಸಿಬಿಡಿ" ಎಂದು ಅಂಗಡಿಯವನು ನಕ್ಕ.

ಅವಳಿಗೆ ನಗು ಬರಲಿಲ್ಲ. ಹೊಟ್ಟೆನೋವೆಂದು ಹತ್ತು ದಿನದ ಹಿಂದೆ ಒಬ್ಬಳೇ ಆಸ್ಪತ್ರೆಗೆ ಹೋಗಿದ್ದಳು. ಗಡ್ಡೆ ಯಕೃತ್ತಿಗೂ ಹಬ್ಬಿದೆ, ಆರು ತಿಂಗಳು ಅಂದುಕೊಳ್ಳಿ ಎಂದಿದ್ದರು ಡಾಕ್ಟರು. ಗಂಡನಿಗೆ ಗ್ಯಾಸ್ಟ್ರಿಕ್ಕಂತೆ ಎಂದು ಹೇಳಿ ಒಳಗೆ ಹೋಗಿದ್ದಳು. ಅಂದಿನಿಂದ ಹೊಲಿಗೆಯ ನಡುವೆ ಬಿಡುವಾದಾಗಲೆಲ್ಲ ಅವನ ಅಂಗಿಗಳ ಗುಂಡಿ ಕಿತ್ತು, ಒಂದೇ ಕೈಯಲ್ಲಿ ಒತ್ತಿ ಕೂಡಿಸಬಹುದಾದ ಟಿಚ್ ಬಟನ್ ಹಾಕುತ್ತಿದ್ದಳು.

"ಹಟ ಮಾಡಬೇಡಿ. ಒಂದ್ಸಲ ನೀವೇ ಹಾಕ್ಕೊಂಡು ನೋಡಿ ಅಂದ್ರೆ!" ಅವಳ ದನಿ ಅವಳಿಗೇ ತಿಳಿಯದಂತೆ ಏರಿತು. ಅಂಗಡಿಯವನು ಬಟ್ಟೆ ಹಿಡಿದು ಆಚೆ ಗಾಜು ಒರೆಸಲು ಹೋದ.

ಗಂಡ ಅವಳನ್ನೇ ನೋಡಿದ. "ಅಂಗಿಗೆಲ್ಲ ಟಿಚ್ ಬಟನ್ ಹಾಕಿದೆ. ಮೊನ್ನೆ ಒಲೆ ಹಚ್ಚೋದು ಕಲೀರಿ ಅಂದೆ. ಈಗ ಇದು. ಆಸ್ಪತ್ರೇಲಿ ಏನಂದ್ರು?"

"ಗ್ಯಾಸ್ಟ್ರಿಕ್ ಅಂತ ಹೇಳಿದ್ನಲ್ಲ."

"ಮೂವತ್ತು ವರ್ಷ ಕನ್ನಡೀಲಿ ಜನರ ಮುಖ ನೋಡ್ಕೊಂಡೇ ಬಸ್ ಓಡಿಸಿದೀನಿ ಕಣೇ. ನನ್ನ ಹತ್ರ ಬೇಡ."

ಅಲ್ಲೇ ನಿಂತು ಹೇಳಿದಳು. ನಾಲ್ಕೇ ಮಾತಿನಲ್ಲಿ ಮುಗಿದುಹೋಯಿತು. ಅವನು ಬೆಲ್ಟಿನದನ್ನು ಬಿಚ್ಚುವಂತೆ ಎಡಗೈಯನ್ನು ಬಲಗೈಯಿಂದ ಅವಳತ್ತ ಸರಿಸಿದ. ಆಮೇಲೆ ಚೈನಿನದನ್ನು ಎತ್ತಿಕೊಂಡು ಎಡಗೈಗೆ ತೂರಿಸತೊಡಗಿದ. ಮೊದಲ ಸಲ ಹೆಬ್ಬೆರಳಿಗೆ ಸಿಕ್ಕಿಕೊಂಡಿತು. ಅವಳು ಕೈ ನೀಡಿದಳು. "ಬಿಡು, ನಾನೇ" ಎಂದ. ಎರಡನೇ ಸಲ ಮಣಿಕಟ್ಟಿಗೆ ಏರಿತು. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು.

"ಕೂದಲು ಕೀಳುತ್ತೆ ಅಂತ ಹೇಳ್ಲಿಲ್ವಾ" ಎಂದ.

ಮರುದಿನ ಇಬ್ಬರೂ ಕೂಡಿ ಆಸ್ಪತ್ರೆಗೆ ಹೋದರು. ಔಷಧಿಯಿಂದ ನೋವು ತಗ್ಗಿತು, ರೋಗ ಜಗ್ಗಲಿಲ್ಲ. ಅವನು ಒಲೆ ಹಚ್ಚಲು ಕಲಿತ, ಹಾಲು ಕಾಯಿಸಲು ಕಲಿತ, ಎರಡು ಸಲ ಉಕ್ಕಿಸಿ ಬೈಸಿಕೊಂಡ. ನಾಲ್ಕನೇ ತಿಂಗಳಿಗೆ ಅವಳಿಂದ ಮಿಷನ್ ತುಳಿಯುವುದಾಗಲಿಲ್ಲ. ಐದನೆಯದಕ್ಕೆ ಹಾಸಿಗೆ ಹಿಡಿದಳು.

"ಎರಡು ಗಂಟೆ ಆಯ್ತು. ಬಾಯಿ ತೆಗಿ" ಎಂದು ಒಂದು ಮಧ್ಯಾಹ್ನ ಮಾತ್ರೆ ಹಿಡಿದು ಬಂದ.

"ನಿಮ್ಮದಾಯ್ತಾ?"

"ಆಯ್ತು."

ಅವಳು ತುಟಿ ಬಿಗಿದು ಮುಖ ತಿರುಗಿಸಿದಳು. ಅವನು ಗೊಣಗುತ್ತ ಒಳಗೆ ಹೋಗಿ, ತನ್ನ ಮಾತ್ರೆ ತಂದು, ಅವಳ ಕಣ್ಣೆದುರೇ ನುಂಗಿದ. ಆಮೇಲೆ ಅವಳು ಬಾಯಿ ತೆರೆದಳು.

ಅದಾಗಿ ಎಂಟನೇ ದಿನ ಅವಳು ಹೋದಳು. ಕತ್ತರಿಸಿಟ್ಟು ಹೊಲಿಯದೇ ಉಳಿದಿದ್ದ ಮೂರು ಯೂನಿಫಾರ್ಮ್‌ಗಳ ಬಟ್ಟೆಯನ್ನು ಅವನು ಬಲಗಂಕುಳಲ್ಲಿ ಇರುಕಿಕೊಂಡು, ಆ ಮಕ್ಕಳ ಮನೆಗಳನ್ನು ಕೇಳಿ ಕೇಳಿ ಹುಡುಕಿ, ವಾಪಸು ಕೊಟ್ಟುಬಂದ.