ಡಿಜೆ ಬಿಂದು

ಬಿಂದುಶ್ರೀಗೆ ಟ್ರಾನ್ಸ್ ಸಂಗೀತದ ಹುಚ್ಚು ಹಿಡಿದದ್ದು ಹಾಸನದ ಮೊಬೈಲ್ ಅಂಗಡಿಯಲ್ಲಿ, ಅವಳು ಕೆಲಸಕ್ಕೆ ಸೇರಿದ ವರ್ಷ. ಸ್ಪೀಕರ್ ಪರೀಕ್ಷಿಸಲು ಹಾಕಿದ ಹಾಡೊಂದು ಅವಳನ್ನು ನಿಂತಲ್ಲೇ ನಿಲ್ಲಿಸಿತು. ಅದರಲ್ಲಿ ಮಾತಿಲ್ಲ, ಒಂದೇ ಸಮನೆ ಬಡಿತ, ಅದರ ಮೇಲೆ ಮೆಲ್ಲಗೆ ಏರುವ ರಾಗ. ಆಮೇಲೆ ತನ್ನೂರು ಕೊಣನೂರಿನ ಬಸ್ಸಿನಲ್ಲಿ ಹೋಗಿ ಬರುವಾಗಲೆಲ್ಲ ಅದೇ. ಹಳೆಯ ಲ್ಯಾಪ್‌ಟಾಪಿನಲ್ಲಿ ಹಾಡಿಗೆ ಹಾಡು ಬೆಸೆಯುವುದನ್ನೂ ಕಲಿತಳು. ನಿಮಿಷಕ್ಕೆ ನೂರ ಇಪ್ಪತ್ತೈದರ ಆಸುಪಾಸು ಬಡಿದರೆ ಹೌಸ್, ನೂರ ಮೂವತ್ತೆಂಟಕ್ಕೆ ಏರಿದರೆ ಟ್ರಾನ್ಸ್, ಇನ್ನೂ ಓಡಿದರೆ ಸೈಟ್ರಾನ್ಸ್. ಕೇಳಿದ ಕೂಡಲೇ ಹೇಳುವಷ್ಟು ಪಳಗಿದಳು.

"ರೈಸ್ ಮಿಲ್ ಬಡ್ಕೊಂಡಂಗದೆ ಕಣೇ," ಎನ್ನುತ್ತಿದ್ದಳು ಅವ್ವ ಸಣ್ಣಕ್ಕ.

ಚನ್ನರಾಯಪಟ್ಟಣದಲ್ಲಿ ಡಿಜೆ ಸೆಟ್ ಬಾಡಿಗೆಗೆ ಕೊಡುವ ರವೀಂದ್ರ, ಅವಳು ಹಾಡು ಬೆಸೆದು ನೆಟ್ಟಿಗೆ ಹಾಕಿದ್ದ ವಿಡಿಯೊ ನೋಡಿ ಅಂಗಡಿಗೇ ಬಂದ. "ನಮ್ ಕಡೆ ಲೇಡಿ ಡಿಜೆನೇ ಇಲ್ಲ ಕಣಮ್ಮ. ಬಂದ್ಬುಡು." ವಾರದೊಳಗೆ 'ಡಿಜೆ ಬಿಂದು' ಎಂದು ಫ್ಲೆಕ್ಸ್ ಎದ್ದವು.

ಮೊದಲ ಕಾರ್ಯಕ್ರಮ ಅರಕಲಗೂಡಿನ ಒಂದು ಆರತಕ್ಷತೆ. ವೇದಿಕೆ ಹತ್ತಿ, ಹಾಡು ಬೆಸೆಯುವ ಕನ್ಸೋಲಿನ ಗುಂಡಿ ತಿರುಗಿಸಿದಳು, ಏನೂ ಬದಲಾಗಲಿಲ್ಲ. ಬಗ್ಗಿ ನೋಡಿದರೆ ವೈರೇ ಸಿಕ್ಕಿಸಿರಲಿಲ್ಲ. ಹಾಡು ಬರುತ್ತಿದ್ದುದು ಮೇಜಿನಡಿಯ ಪೆನ್‌ಡ್ರೈವಿನಿಂದ.

"ರವಿಯಣ್ಣ, ಇದು ಕನೆಕ್ಟೇ ಆಗಿಲ್ಲ!"

"ಗೊತ್ತು ಕಣಮ್ಮ. ನೀನು ಕಂಡ್ರೆ ಸಾಕು, ಕೇಳುಸ್ಬೇಕಾಗಿಲ್ಲ. ಕೈ ಆಡುಸ್ತಾ ನಗ್ತಾ ಇರು."

ಅವಳು ನಕ್ಕಳು. ಅಂಥ ಕನ್ಸೋಲ್ ಬೇರೆಲ್ಲೂ ಮುಟ್ಟಲು ಸಿಗುತ್ತಿರಲಿಲ್ಲ. ಜನ ಸೇರುವ ಮುಂಚೆ ಹೆಡ್‌ಫೋನ್ ಸಿಕ್ಕಿಸಿ ಒಬ್ಬಳೇ ಅಭ್ಯಾಸ ಮಾಡುತ್ತಿದ್ದಳು. ಅಷ್ಟಕ್ಕಾಗಿ ಉಳಿದಳು.

ಹೊಳೆನರಸೀಪುರದ ಒಂದು ಕಾಲೇಜಿನ ವಾರ್ಷಿಕೋತ್ಸವದಲ್ಲಿ ಪೆನ್‌ಡ್ರೈವ್ ಕೈಕೊಟ್ಟಿತು. ಹುಡುಗರು ಕೂಗಾಡತೊಡಗಿದರು. ರವೀಂದ್ರ ಬೆವರುತ್ತ ತಾನೇ ವೈರು ಸಿಕ್ಕಿಸಿದ. "ಏನಾದ್ರೂ ಆಕು ತಾಯಿ!"

ಅವಳು ಅವರಿಗೆ ಗೊತ್ತಿದ್ದ ಸಿನಿಮಾ ಹಾಡಿನಿಂದಲೇ ಶುರು ಮಾಡಿ, ಯಾರಿಗೂ ತಿಳಿಯದಂತೆ ವೇಗ ಏರಿಸುತ್ತ ಟ್ರಾನ್ಸಿಗೆ ತಂದಳು. ನಡುವೆ ಬಡಿತ ನಿಲ್ಲಿಸಿ ರಾಗವೊಂದನ್ನೇ ಬಿಟ್ಟಳು. ಮತ್ತೆ ಕೆಟ್ಟಿತೆಂದು ಕೆಲವರು ಸಿಳ್ಳೆ ಹಾಕಿದರು. ಅವಳು ಕಾದಳು. ಬಡಿತ ಮರಳಿದಾಗ ಇಡೀ ಮೈದಾನ ಒಟ್ಟಿಗೆ ನೆಗೆಯಿತು. ಬಿಂದುಶ್ರೀಗೆ ಅಳು ಬಂತು. ಕೊನೆಗೆ ಕಾಲೇಜಿನವರು ಶಾಲು ಹೊದಿಸಿದ್ದು ರವೀಂದ್ರನಿಗೆ. ಆಗ ಅದೂ ಅವಳಿಗೆ ಬೇಸರವೆನಿಸಲಿಲ್ಲ.

ಮುಂದಿನ ಕಾರ್ಯಕ್ರಮ ಚನ್ನರಾಯಪಟ್ಟಣದ ಬಡಾವಣೆಯೊಂದರ ರಾಜ್ಯೋತ್ಸವ. ಹಾಡು ಶುರುವಾದ ಕೂಡಲೇ ಅವಳಿಗೆ ಗೊತ್ತಾಯಿತು: ಇದು ತನ್ನದೇ. ಅವತ್ತು ಕಾಲೇಜಿನಲ್ಲಿ ನುಡಿಸಿದ್ದನ್ನು ರವೀಂದ್ರ ರೆಕಾರ್ಡ್ ಮಾಡಿಕೊಂಡಿದ್ದ. ಕನ್ಸೋಲಿನ ವೈರನ್ನು ಮತ್ತೆ ಕಿತ್ತಿದ್ದ.

"ನಂದನ್ನೇ ಆಕಿದ್ದೀರಲ್ಲಣ್ಣ! ನಾನೇ ಇಲ್ಲಿದೀನಲ್ಲ, ನುಡಿಸ್ತೀನಿ."

"ಒಂದ್ ದಪ ಸರಿಯಾಯ್ತು. ದಿನಾ ಅಂಗೇ ಆಯ್ತದೆ ಅಂತ ಏನ್ ಗ್ಯಾರಂಟಿ? ನಿಂದೇ ತಾನೆ, ಖುಷಿ ಪಡು."

ಅವಳು ಕನ್ಸೋಲಿನಿಂದ ಕೈ ತೆಗೆದು ಸುಮ್ಮನೆ ನಿಂತಳು. ಯಾರೂ ಗಮನಿಸಲಿಲ್ಲ. ವೇದಿಕೆ ಇಳಿದಳು. ಹಾಡು ನಡೆದೇ ಇತ್ತು, ಜನ ಕುಣಿಯುತ್ತಲೇ ಇದ್ದರು.

"ಸೈಡಿಗೆ ಬನ್ನಿ ಅಕ್ಕ, ಅಡ್ಡ ನಿಂತಿದ್ದೀರ," ಎಂದನೊಬ್ಬ, ಮೊಬೈಲಿನಲ್ಲಿ ವಿಡಿಯೊ ಹಿಡಿಯುತ್ತ.

ಮತ್ತೆ ಅವಳು ಹೋಗಲಿಲ್ಲ. ಆದರೂ ಫ್ಲೆಕ್ಸಿನಲ್ಲಿ ಡಿಜೆ ಬಿಂದು ಉಳಿದಳು, ಬೇರೆ ಮುಖದೊಂದಿಗೆ. ಫೋನ್ ಮಾಡಿ ಕೇಳಿದರೆ ರವೀಂದ್ರ ಹೇಳಿದ: "ಎಸ್ರು ನಿಂದಾದ್ರೂ ಫ್ಲೆಕ್ಸು ನಂದು ಕಣಮ್ಮ."

ಒಂದು ದಿನ ಅಂಗಡಿಯಲ್ಲಿದ್ದಾಗ ಆ ಮುಖದವಳೇ ಫೋನ್ ಮಾಡಿದಳು.

"ಅಕ್ಕ, ನಾನು ರಂಜಿನಿ. ಮೊದ್ಲು ನೀವು ನಿಲ್ತಿದ್ರಂತೆ. ಹಾಡಿನ ಮಧ್ಯ ಬೀಟ್ ನಿಂತೋಯ್ತದಲ್ಲ, ಆಗ ಏನ್ ಮಾಡ್ಲಿ? ಎಲ್ರೂ ನನ್ನೇ ನೋಡ್ತಾರೆ."

ಫೋನ್ ಕುಕ್ಕಬೇಕೆನಿಸಿತು. ಆದರೆ ಆ ಹುಡುಗಿಯ ದನಿಯಲ್ಲಿ ಹೆದರಿಕೆಯಿತ್ತು.

"ಎರಡೂ ಕೈ ಮೇಲೆತ್ಕೊ," ಎಂದಳು ಬಿಂದುಶ್ರೀ. "ರಾಗ ಮೂರನೇ ಸಲ ಏರೋವಾಗ ಇಳಿಸು. ಆಗ್ಲೇ ಬೀಟ್ ಬತ್ತದೆ."

"ಥ್ಯಾಂಕ್ಸ್ ಅಕ್ಕ. ಆ ಮ್ಯೂಸಿಕ್ ಯಾರ್ ಮಾಡಿದ್ದೋ ಕಾಣೆ, ಭಾಳ ಚೆನ್ನಾಗದೆ."

ಬಿಂದುಶ್ರೀ "ಊಂ" ಎಂದು ಫೋನ್ ಇಟ್ಟಳು. ಹೇಳಿಕೊಡಬಾರದಿತ್ತು ಎಂದು ಮಧ್ಯಾಹ್ನವೆಲ್ಲ ಅನಿಸುತ್ತಲೇ ಇತ್ತು.