ಬರಿಯ ಮೇಜು

ಹೊಸ ಪಾದ್ರಿ ನಾಗೇಂದ್ರಪ್ಪ ಮೇಜಿನ ಮೇಲೆ ಎರಡನೆಯ ಮೇಣದ ಬತ್ತಿ ಹಚ್ಚುವಷ್ಟರಲ್ಲಿ ಚಿಕ್ಕೀರಪ್ಪ ಬೆಂಚಿನಿಂದ ಎದ್ದು ನಿಂತಿದ್ದ.

“ಅದು ಪ್ರಭುವಿನ ಊಟದ ಮೇಜಪ್ಪ, ಬಲಿಪೀಠ ಅಲ್ಲ. ನಮ್ದು ಸುಧಾರಣೆ ಆದ ಸಭೆ. ದೀಪ, ಶಿಲುಬೆ ಎಲ್ಲ ರೋಮಿನ ಸಭೆಯೋರಿಗೆ ಬಿಟ್ಟು ಬಂದೋರು ನಾವು.”

“ಬತ್ತಿ ಹಚ್ಚಿದ್ರೆ ನಂಬಿಕೆ ಕರಗ್ತೈತಾ ಮೇಷ್ಟ್ರೇ?” ನಾಗೇಂದ್ರಪ್ಪ ನಗುತ್ತಲೇ ಕೇಳಿದ. ಹಿಂದೆ ಕುಳಿತವರಲ್ಲಿ ಯಾರೋ ಕಿಸಕ್ಕೆಂದರು. ಚಿಕ್ಕೀರಪ್ಪ ಮೆಲ್ಲಗೆ ಕುಳಿತುಕೊಂಡ.

ಮೊಳಕಾಲ್ಮೂರಿನ ಆ ಪ್ರಾರ್ಥನಾ ಮಂದಿರದಲ್ಲಿ ಅವನು ಹತ್ತೊಂಬತ್ತು ವರ್ಷದಿಂದ ಉಪದೇಶಿ, ಪಾದ್ರಿಯ ಕೈಕೆಳಗಿನ ಬೋಧಕ. ಇಂಗ್ಲಿಷ್ ಸಭೆಯ ಹಳೆಯ ಪಾದ್ರಿ ದೊರೆ ಅವನಿಗೆ ಕಲಿಸಿದ್ದು ಇಷ್ಟೇ: ದೇವರ ವಾಕ್ಯ ಸಾಕು, ಕಣ್ಣಿಗೆ ಹಬ್ಬ ಬೇಡ. ಆ ವಾಕ್ಯವನ್ನು ಹೊತ್ತು ಅವನು ಸಿದ್ದಾಪುರದ ಬಂಡೆಗಳ ನಡುವಿನ ಹಟ್ಟಿಗಳಿಗೆ, ಬಿ.ಜಿ. ಕೆರೆಯ ಕೇರಿಗಳಿಗೆ ಬರಿಗಾಲಲ್ಲಿ ನಡೆದಿದ್ದ. ಆದರೆ ಪ್ರಭುಭೋಜನದ ರೊಟ್ಟಿ ಮುರಿಯಲು ಪಾದ್ರಿಯ ದೀಕ್ಷೆ ಬೇಕು. ಎರಡು ಸಲ ಕೇಳಿದ್ದ. ಇಂಗ್ಲಿಷ್ ಬಾರದವನಿಗೆ ಆಗದೆಂದು ಎರಡು ಸಲವೂ ಮದರಾಸಿನಿಂದ ಉತ್ತರ ಬಂದಿತ್ತು. ಈಗ ಅದೇ ದೀಕ್ಷೆ ಪಡೆದು ಬಂದವನು, ಚಿಕ್ಕೀರಪ್ಪನೇ ಬೆರಳು ಹಿಡಿದು ಮರಳಿನ ಮೇಲೆ ಅಕ್ಷರ ತಿದ್ದಿಸಿದ ನಾಗೇಂದ್ರಪ್ಪ. ಇಪ್ಪತ್ತಾರರ ಪ್ರಾಯ, ಬಿಳಿಯ ನಿಲುವಂಗಿ, ತುಂಬು ದನಿ.

ಅವನು ಬಂದ ಮೇಲೆ ಮಂದಿರಕ್ಕೆ ಬರುವ ಜನ ಹೆಚ್ಚಿದರು. ಹಾಸಿಗೆ ಹಿಡಿದಿದ್ದ ಯರ್ರಮ್ಮನ ಪಕ್ಕ ಚಿಕ್ಕೀರಪ್ಪ ಪುಸ್ತಕ ತೆರೆದು ಕುಳಿತಿದ್ದಾಗ ಮುದುಕಿ ಕಣ್ಣು ಬಿಟ್ಟು, “ಸಣ್ಣ ಪಾದ್ರಿ ಅಯ್ಯನೋರು ಬರಲಿಲ್ವಾ? ಅವ್ರು ಬಂದ್ ಮ್ಯಾಲೆ ಪ್ರಾರ್ಥನೆ ಮಾಡಾನ” ಅಂದಳು. ಅವಳಿಗೆ ಮೊದಲ ಪ್ರಾರ್ಥನೆ ಬಾಯಿಪಾಠ ಮಾಡಿಸಿದವನು ಅವನೇ. ಪುಸ್ತಕ ಮುಚ್ಚಿ ಎದ್ದುಬಂದ.

ಮನೆಯಲ್ಲಿ ಹೆಂಡತಿ ಸೂರಮ್ಮ ಮಗ್ಗದ ಮುಂದಿದ್ದಳು. ಮಂದಿರದ ಮೇಜಿಗೆ ಹಾಸಲು ಕೆಂಪಂಚಿನ ರೇಷ್ಮೆ. ನಡುವೆ ಶಿಲುಬೆ ಮೂಡುತ್ತಿತ್ತು.

“ನನ್ನ ಹೆಗಲಿಗೆ ಒಂದು ವಲ್ಲಿನಾದ್ರೂ ಹಿಂಗೆ ನೇಯ್ದಿದ್ದೀಯಾ?”

“ನೀವು ಕೇಳಿದ್ರಾ? ರೇಷ್ಮೆ ಅಂದ್ರೆ ಜಂಬ ಅಂತ ಬೋಧನೆ ಮಾಡಿದೋರು ನೀವೇ ಅಲ್ವಾ?” ಸೂರಮ್ಮ ಲಾಳಿ ನಿಲ್ಲಿಸಲಿಲ್ಲ.

ಮರುದಿನ ಅವನು ಮದರಾಸಿನ ಬಿಷಪ್ ದೊರೆಗೆ ಕಾಗದ ಬರೆದ. ಬತ್ತಿ, ಶಿಲುಬೆಯ ಬಟ್ಟೆ, ಸಭೆಗೆ ಬೆನ್ನು ತಿರುಗಿಸಿ ಪ್ರಾರ್ಥನೆ ಮಾಡುವುದು, ಇವೆಲ್ಲ ನಮ್ಮ ಸಭೆಯ ಯಾವ ಯಾವ ನಿಯಮಕ್ಕೆ ವಿರೋಧ ಎಂದು ವಿವರಿಸಿದ. ಎಲ್ಲವೂ ನಿಜ. ಅಲ್ಲಿಗೆ ನಿಲ್ಲಿಸಬಹುದಿತ್ತು. ಸಹಿಯ ಮೇಲೆ ಇನ್ನೊಂದು ಸಾಲು ಸೇರಿಸಿ, ಮತ್ತೆ ಓದದೆ ಲಕೋಟೆ ಅಂಟಿಸಿದ. ಊರಿನ ಟಪಾಲಿಗೆ ಹಾಕಲು ಮನಸ್ಸಾಗದೆ ಚಳ್ಳಕೆರೆಯವರೆಗೆ ಹೋಗಿ ಹಾಕಿಬಂದ.

ಉತ್ತರ ಬಂದಾಗ ಇಬ್ಬರೂ ಮಂದಿರದ ಜಗಲಿಯಲ್ಲಿದ್ದರು. ಕಾಗದ ಇಂಗ್ಲಿಷಿನಲ್ಲಿತ್ತು.

“ಕೊಡಿ ಮೇಷ್ಟ್ರೇ, ಓದಿ ಹೇಳ್ತೀನಿ,” ನಾಗೇಂದ್ರಪ್ಪ ಕೈಚಾಚಿದ. ಕೊಡದಿರಲು ಚಿಕ್ಕೀರಪ್ಪನಿಗೆ ನೆಪ ಹೊಳೆಯಲಿಲ್ಲ.

ನಾಗೇಂದ್ರಪ್ಪ ಮೊದಲು ಮನಸ್ಸಿನಲ್ಲೇ ಓದಿಕೊಂಡ. ಅವನ ಕಿವಿ ಕೆಂಪಾಯಿತು.

“ನಿಮ್ಮ ದೂರು ಸರಿ ಅಂದವ್ರೆ. ಬತ್ತಿ, ಬಟ್ಟೆ ತೆಗೀಬೇಕು. ಮುಂದಿನ ತಿಂಗಳು ನನ್ನ ಬೇರೆ ಕಡೆ ಹಾಕವ್ರೆ.” ತಡೆದು ಕೇಳಿದ, “ಕೊನೇಲಿ ಇನ್ನೊಂದು ಸಾಲೈತೆ. ಓದ್ಲಾ?”

“ಓದು.”

“ತೆರವಾಗೋ ಪಾದ್ರಿ ಜಾಗ ತನಗೇ ಕೊಡಬೇಕು ಅಂತ ಉಪದೇಶಿ ಕೇಳಿರೋದನ್ನ ಒಪ್ಪೋಕಾಗಲ್ಲ, ಅಂತ.”

ಕಾಗದವನ್ನು ಮಡಿಕೆಯ ಗುರುತಿಗೇ ಮಡಚಿ ಎರಡೂ ಕೈಯಲ್ಲಿ ಹಿಂದಕ್ಕೆ ಕೊಟ್ಟ.

“ಬತ್ತಿ ಸಲುವಾಗಿ ನಿಮಗೆ ಸಿಟ್ಟು ಅಂತ ತಿಳ್ಕಂಡಿದ್ದೆ ಮೇಷ್ಟ್ರೇ.”

“ನಾನೂ ಹಂಗೇ ತಿಳ್ಕಂಡಿದ್ದೆ ಕಣಪ್ಪ,” ಎಂದ ಚಿಕ್ಕೀರಪ್ಪ.

ನಾಗೇಂದ್ರಪ್ಪ ಹೊರಡುವ ಮುಂಚಿನ ಭಾನುವಾರ ಮೇಜಿನ ಮೇಲೆ ರೊಟ್ಟಿ, ದ್ರಾಕ್ಷಾರಸದ ಬಟ್ಟಲು ಬಿಟ್ಟರೆ ಏನೂ ಇರಲಿಲ್ಲ. ಹಳೆಯ ದೊರೆಯ ಕಾಲದಲ್ಲಿದ್ದ ಹಾಗೆಯೇ ಅವನು ಮೇಜಿನ ಪಕ್ಕಕ್ಕೆ ನಿಂತ. ನೆರೆಯವರೊಡನೆ ಸಮಾಧಾನವಾಗಿರುವವರು ಹತ್ತಿರ ಬರಬಹುದೆಂದು ಕರೆದ. ಒಬ್ಬೊಬ್ಬರೇ ಹೋಗಿ ಬಂದರು. ಸೂರಮ್ಮ ಬಂದು ಕುಳಿತು, ಗಂಡನಿಗೆ ದಾರಿ ಬಿಡಲು ಸೀರೆಯ ನೆರಿಗೆ ಎಳೆದುಕೊಂಡಳು. ಅವನ ಮುಖ ನೋಡಲಿಲ್ಲ.

ಎಲ್ಲರಿಗಿಂತ ಕೊನೆಗೆ ಚಿಕ್ಕೀರಪ್ಪ ಎದ್ದ. ಹೋಗಿ ಮೊಣಕಾಲೂರಿ, ತಾನು ಅಕ್ಷರ ಕಲಿಸಿದವನ ಮುಂದೆ ಅಂಗೈ ಚಾಚಿದ. ನಾಗೇಂದ್ರಪ್ಪ ಎಲ್ಲರಿಗೂ ಹೇಳಿದ ಮಾತನ್ನೇ, ಅದೇ ದನಿಯಲ್ಲಿ ಹೇಳಿ ರೊಟ್ಟಿಯ ಚೂರನ್ನು ಇಟ್ಟ.

ನೆರೆಯವರೊಡನೆ ಸಮಾಧಾನವಾಗಿರುವವರು ಎಂಬ ಕರೆ ಇನ್ನೂ ಕಿವಿಯಲ್ಲಿತ್ತು; ಚಿಕ್ಕೀರಪ್ಪ ಅದನ್ನು ಬಾಯಿಗೆ ಒಯ್ಯಲಿಲ್ಲ. ಕಿಟಕಿಯಿಂದ ಬಂದ ಗಾಳಿಗೆ ರೊಟ್ಟಿಯ ಪುಡಿಯೊಂದು ಸರಿದು ಅವನ ಮಣಿಕಟ್ಟಿನ ಬೆವರಿಗೆ ಅಂಟಿಕೊಂಡಿತು. ನಾಗೇಂದ್ರಪ್ಪ ಬಟ್ಟಲು ಹಿಡಿದು ಅವನ ಮುಂದೆ ನಿಂತೇ ಇದ್ದ.